ತಿಪ್ಪಿಯ ಕಿವಿ

ನಾನು ದೆವ್ವ ಗಿವ್ವ ನಂಬುವವಳಲ್ಲ. ಶ್ರೀರಾಂಪುರದ ವಠಾರವೊಂದರ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ ಬದುಕಿದವಳು. ಅಳತೆ ಕೊಡಲು ಬಂದ ಹೆಂಗಸರು ತಮ್ಮ ಮನೆಯ ಭೂತಗಳನ್ನೆಲ್ಲ ನನ್ನ ಮುಂದೆ ಸುರಿಯುತ್ತಾರೆ. ನಾನು ಹೂಂಗುಟ್ಟುತ್ತಾ ಕತ್ತರಿ ಆಡಿಸುತ್ತೇನೆ. ತಾಯತ, ತಡೆ ಅಂತ ಶುರುಮಾಡಿದರೆ ಮೈಯೆಲ್ಲ ಉರಿಯುತ್ತದೆ. ಆದರೂ ಅದೇ ವಠಾರದ ಹಿಂದಿನ ಮನೆಯಲ್ಲಿದ್ದ ವಿನುತಾಳ ಬಲಗಿವಿಯ ಕಥೆ ಹೇಳುವಾಗ ನನ್ನ ಕೈ ತಾನಾಗಿ ನನ್ನ ಕಿವಿಗೆ ಹೋಗುತ್ತದೆ.

ವಿನುತಾ ಎಂಬುದು ಶಾಲೆಯ ಹೆಸರು. ಅವಳ ತಾಯಿ ಚಿಕ್ಕಮುನಿಯಮ್ಮ ಆ ಹೆಸರನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ. ಅವಳಿಗೆ ಮಗಳು ತಿಪ್ಪಿ. ವಿನುತಾಳಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ಎದೆಹಾಲು ಬಿಡುವ ಮೊದಲೇ ಹೋಗಿದ್ದವು. ಮೂರೂ ದುಂಡುದುಂಡಗೆ, ನೋಡಿದವರು ಎತ್ತಿಕೊಳ್ಳಬೇಕು ಅನ್ನುವ ಹಾಗಿದ್ದವಂತೆ. ಹಾಗಾಗಿ ನಾಲ್ಕನೆಯದು ಹುಟ್ಟಿದಾಗ ಹಿರಿಯರ ಮಾತಿನಂತೆ ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಎಳೆದು, ತಿಪ್ಪಿ ಅಂತ ಹೆಸರಿಟ್ಟು, ಒಂದೇ ಕಿವಿಯನ್ನು ಚುಚ್ಚಿಸಿ ಊನ ಮಾಡಿದರು. ತಿಪ್ಪೆಯಲ್ಲಿ ಬಿದ್ದದ್ದು, ಊನವಾದದ್ದು ಸಾವಿಗೆ ಬೇಡ ಅನ್ನುವ ಲೆಕ್ಕ. ಶ್ರೀರಾಂಪುರದಲ್ಲಿ ತಿಪ್ಪೆ ಎಲ್ಲಿಂದ ಬರಬೇಕು? ಕಾರ್ಪೊರೇಷನ್ನಿನ ಕಸದ ತೊಟ್ಟಿಯ ಸುತ್ತ ಮೊರ ಎಳೆದರಂತೆ. ಅದನ್ನು ಕೇಳಿ ನಾನು ನಕ್ಕಿದ್ದೆ. ಚಿಕ್ಕಮುನಿಯಮ್ಮ ನಗಲಿಲ್ಲ.

ಅವಳು ಮಲ್ಲೇಶ್ವರಂ ಮಾರ್ಕೆಟ್ಟಿನ ಪಕ್ಕದ ಫುಟ್‌ಪಾತಿನಲ್ಲಿ ಸೊಪ್ಪು ಮಾರುತ್ತಿದ್ದಳು. ಗಂಡ ಬಚ್ಚಪ್ಪ ತೀರಿಹೋದ ಮೇಲೆ ಆ ಗೋಣಿತಟ್ಟೇ ಅವಳ ಆಸ್ತಿ. ಖಾಯಂ ಗಿರಾಕಿಗಳಿಗೆಂದು ಎಳೆ ದಂಟು, ಒಳ್ಳೆಯ ಮೆಂತ್ಯ ಎತ್ತಿಡುವಾಗ ಅವಳದೊಂದು ಕ್ರಮವಿತ್ತು. ಅದರ ಮೇಲೆ ಹಳದಿ ತಿರುಗಿದ, ಬಾಡಿದ ಕಟ್ಟೊಂದನ್ನು ಇಟ್ಟುಬಿಡುತ್ತಿದ್ದಳು. ದಾರಿಹೋಕರು ಮೇಲಿನದನ್ನು ನೋಡಿ ಮೂಗು ಮುರಿದು ಮುಂದೆ ಹೋಗುತ್ತಿದ್ದರು. ಕೆಳಗಿನದು ಸಂಜೆಯವರೆಗೂ ಯಾರ ಕೈಗೂ ಸಿಗದೆ ಹಾಗೇ ಉಳಿಯುತ್ತಿತ್ತು. ನನಗೂ ಎಷ್ಟೋ ಸಲ ಆ ಬಾಡಿದ ಕಟ್ಟಿನ ಅಡಿಯಿಂದಲೇ ಸೊಪ್ಪು ತೆಗೆದು ಕೊಟ್ಟಿದ್ದಾಳೆ.

ಮಗುವಿನ ಕಿವಿಯ ತೂತು ಸದ್ದಿಲ್ಲದೆ ಮುಚ್ಚಿಕೊಂಡಿತ್ತು. ಎಂಟನೇ ಕ್ಲಾಸಿನಲ್ಲಿದ್ದಾಗ ವಿನುತಾಳಿಗೆ ಟೈಫಾಯ್ಡ್ ಬಂತು. ಜ್ವರ ಇಳಿಯಲೊಲ್ಲದು, ಹುಡುಗಿ ಗುರುತು ಹಿಡಿಯಲೊಲ್ಲಳು. ಆಗ ಚಿಕ್ಕಮುನಿಯಮ್ಮನಿಗೆ ಮುಚ್ಚಿದ ತೂತು ಕಣ್ಣಿಗೆ ಬಿತ್ತು. ಆಚಾರಿಯನ್ನು ಮನೆಗೇ ಕರೆಸಿ, ಮಲಗಿದ್ದವಳ ಅದೇ ಕಿವಿಯನ್ನು ಅದೇ ಜಾಗದಲ್ಲಿ ಮತ್ತೆ ಚುಚ್ಚಿಸಿದಳು. ಜ್ವರ ಬಿಟ್ಟಿತು. ಬಿಟ್ಟ ಕೆಲವೇ ವಾರದಲ್ಲಿ ಚುಚ್ಚಿದ ಕಡೆ ಕಡಲೆಕಾಳಿನಷ್ಟು ಗಂಟು ಎದ್ದಿತು. ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿಸಿದ್ದೂ ಅವಳೇ. ಆದರೆ ಮಗಳನ್ನು ಉಳಿಸಿದ್ದು ಮಾತ್ರೆ ಅಂತ ಅವಳಿಗೆ ಯಾವತ್ತೂ ಅನ್ನಿಸಲಿಲ್ಲ.

ಗಂಟು ಬೆಳೆಯಿತು. ಮೊದಲು ಕಡಲೆಕಾಳು, ಆಮೇಲೆ ಹುಣಸೆಬೀಜ, ಆಮೇಲೆ ಹಲಸಿನ ಬೀಜ. ನೇರಳೆ ಬಣ್ಣ, ಎಣ್ಣೆ ಹಚ್ಚಿದ ಹಾಗೆ ಹೊಳಪು. ವಠಾರದವರು ದುರ್ಮಾಂಸ ಅಂದರು. ವಿನುತಾ ಎಸ್ಸೆಸೆಲ್ಸಿ ಮುಗಿಸಿ ಸಂಪಿಗೆ ರಸ್ತೆಯ ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಕೂದಲನ್ನು ಬಲಗಡೆ ಇಳಿಬಿಟ್ಟು ಅದನ್ನು ಮುಚ್ಚುವುದು ಅವಳ ಅಭ್ಯಾಸವಾಗಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೂದಲು ಸರಿದ ಗಳಿಗೆಯಲ್ಲಿ ಕಿವಿ ನೋಡಿ, ತಿಳಿಸುತ್ತೇವೆ ಅಂತ ಎದ್ದು ಹೋಗುತ್ತಿದ್ದರು. ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ದೇ ದಂಡ ಅಂತ ನಾನು ರೇಗಿಸಿದರೆ ವಿನುತಾ ನಗುತ್ತಿದ್ದಳು. ತಾಯಿ ಮಾತ್ರ, ಬಂದವರು ಎದ್ದುಹೋದ ದಿನ, ಹಬ್ಬದ ಹಾಗೆ ಹಗುರಾಗಿ ಓಡಾಡುತ್ತಿದ್ದಳು.

ಇನ್ನೊಂದನ್ನು ನಾನು ಗಮನಿಸಿದ್ದೆ. ಮಾರ್ಕೆಟ್ಟಿನಿಂದ ಬಂದ ಚಿಕ್ಕಮುನಿಯಮ್ಮ ಮೊದಲು ಮಗಳ ಮುಖ ನೋಡುತ್ತಿರಲಿಲ್ಲ. ಕೂದಲು ಸರಿಸಿ ಗಂಟು ನೋಡುತ್ತಿದ್ದಳು. ಬೆಳಗ್ಗೆ ಹೊರಡುವಾಗಲೂ, ದೀಪಕ್ಕೆ ಕೈ ಒಡ್ಡಿ ಕಣ್ಣಿಗೊತ್ತಿಕೊಳ್ಳುವ ಹಾಗೆ, ಅದನ್ನು ಮುಟ್ಟಿ ಹೋಗುತ್ತಿದ್ದಳು.

"ಅಕ್ಕ, ಅದು ಸಂಜೆ ಹೊತ್ತು ನವೆಯುತ್ತೆ," ಅಂದಳು ಒಂದು ದಿನ ವಿನುತಾ. "ಒಳಗೆ ಯಾರೋ ಎದ್ದು ಕೂತ್ಕೊಳ್ಳೋ ಹಾಗಾಗುತ್ತೆ."

"ಎದ್ದು ಕೂತ್ಕೊಂಡ್ರೆ ಬಾಡಿಗೆ ಕೇಳು," ಅಂದೆ. ಆದರೂ ಆ ಸಂಜೆ ಮಿಷನ್ ತುಳಿಯುತ್ತಿದ್ದಾಗ ಆ ಮಾತು ಮತ್ತೆ ಮತ್ತೆ ನೆನಪಾಗಿ ದಾರ ಎರಡು ಸಲ ತುಂಡಾಯಿತು.

ವಿನುತಾಳಿಗೆ ದೊಡ್ಡ ಆಸೆಗಳಿರಲಿಲ್ಲ. ಕೂದಲನ್ನು ಎತ್ತಿ ತುರುಬು ಕಟ್ಟಿ, ಎರಡೂ ಕಿವಿ ಕಾಣುವ ಹಾಗೆ ಮಾರ್ಗೋಸಾ ರಸ್ತೆಯುದ್ದಕ್ಕೂ ಒಮ್ಮೆ ನಡೆಯಬೇಕು, ಅಷ್ಟೆ. ೧೯೯೪ರಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ಗಂಟು ಕತ್ತರಿಸಿ ಹೊಲಿಗೆ ಹಾಕಿದರು. ತಿಂಗಳೊಪ್ಪತ್ತು ಕಿವಿ ಚೆನ್ನಾಗೇ ಇತ್ತು. ಮುಂದಿನ ಯುಗಾದಿಯ ಹೊತ್ತಿಗೆ ಹೊಲಿಗೆಯ ಗೆರೆಯ ಮೇಲೇ ಗಂಟು ಮತ್ತೆ ಎದ್ದಿತು, ಈ ಸಲ ಹಿಂದೆಯೂ ಮುಂದೆಯೂ ಎರಡು ತಲೆ. ವಿನುತಾ ನನ್ನ ಅಂಗಡಿಯ ಕನ್ನಡಿಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು.

ಮತ್ತೆ ನಾಲ್ಕು ವರ್ಷ ಅವಳು ಅದರ ಹೆಸರೆತ್ತಲಿಲ್ಲ. ಆಮೇಲೆ ನಾನೇ ಅವಳನ್ನು ಚಾಮರಾಜಪೇಟೆಯ ಡಾಕ್ಟರ್ ವಾಣಿಯವರ ಚರ್ಮದ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಆಕೆ ಕಿವಿಯನ್ನು ಬೆರಳಲ್ಲಿ ಒತ್ತಿ ನೋಡಿ ಸಮಾಧಾನವಾಗಿ ಹೇಳಿದರು.

"ಇದಕ್ಕೆ ಕೆಲಾಯ್ಡ್ ಅಂತಾರೆ. ಗಾಯ ಮುಚ್ಚಿತು ಅಂತ ಕೆಲವರ ಚರ್ಮಕ್ಕೆ ಗೊತ್ತಾಗಲ್ಲ. ಕಟ್ತಾನೇ ಇರುತ್ತೆ. ಬರೀ ಕತ್ತರಿಸಿದ್ರೆ ಅದೂ ಇನ್ನೊಂದು ಗಾಯ ಅಲ್ವಾ? ಇನ್ನೂ ಜೋರಾಗಿ ಕಟ್ಟುತ್ತೆ. ಒಂದೇ ಮದ್ದಿಗೆ ಇದು ಬಗ್ಗಲ್ಲ. ಎಲ್ಲಾ ಸೇರಿಸಿ ಹಿಡೀಬೇಕು."

ಹಾಗೇ ಹಿಡಿದರು. ಮೊದಲು ತಿಂಗಳಿಗೊಮ್ಮೆ ಗಂಟಿನೊಳಕ್ಕೇ ಸ್ಟಿರಾಯ್ಡ್ ಇಂಜೆಕ್ಷನ್. ಅದು ಮೆತ್ತಗಾದ ಮೇಲೆ ಆಪರೇಷನ್. ಆಪರೇಷನ್ನಿನ ಮಾರನೆಯ ದಿನದಿಂದಲೇ ದೊಡ್ಡಾಸ್ಪತ್ರೆಯಲ್ಲಿ ಕೆಲವು ದಿನ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿದರು. ಕ್ಯಾನ್ಸರಿನವರ ಸಾಲಿನಲ್ಲಿ ಒಂದು ಕಿವಿ ಹಿಡಿದು ಕೂತಿದ್ದ ವಿನುತಾಳನ್ನು ನೋಡಿ ಒಬ್ಬಾಕೆ, ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಅಂತ ಲೊಚಗುಟ್ಟಿದಳು. ಹೊಲಿಗೆ ಬಿಚ್ಚಿದ ಮೇಲೆ ಗಾಯದ ಗೆರೆಗೆ ಮತ್ತೆ ಇಂಜೆಕ್ಷನ್, ಅದರ ಮೇಲೆ ಸಿಲಿಕಾನ್ ಹಾಳೆಯ ಚೂರು, ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಬಿಲ್ಲೆಗಳ ಕ್ಲಿಪ್ಪು. ಹಗಲೂ ರಾತ್ರಿ ಹಾಕಿರಬೇಕು, ತಲೆಸ್ನಾನಕ್ಕೆ ಮಾತ್ರ ತೆಗೆಯಬಹುದು. ಒಂದು ವರ್ಷ ಬಿಡಬಾರದು, ಇಂಜೆಕ್ಷನ್ ಬಿಟ್ಟರೆ ಆ ಕಿವಿಗೆ ಇನ್ನು ಯಾವ ಸೂಜಿಯ ಮೊನೆಯೂ ಸೋಕಬಾರದು.

ವಿನುತಾ ವ್ರತ ಹಿಡಿದವಳ ಹಾಗೆ ಪಾಲಿಸಿದಳು. ಕಿವಿ ಮಟ್ಟಸವಾಯಿತು, ಸ್ಪರ್ಶ ಮಾತ್ರ ಇರಲಿಲ್ಲ. ಅಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲ ಅನ್ನುತ್ತಿದ್ದಳು. ಕರೆಂಟು, ಇಂಜೆಕ್ಷನ್ನು ಎಲ್ಲ ನಡೆಯುವಾಗ ಚಿಕ್ಕಮುನಿಯಮ್ಮ ಅಡ್ಡ ಬರಲಿಲ್ಲ. ಆದರೆ ಆ ದಿನಗಳಲ್ಲಿ ಅವಳು ಮಾರ್ಕೆಟ್ಟಿನಿಂದ ಮಧ್ಯಾಹ್ನವೇ ಎದ್ದು ಬರತೊಡಗಿದ್ದಳು. ಹೊಸ್ತಿಲಲ್ಲಿ ಕೂತು ರಸ್ತೆಯ ಕಡೆಗೇ ನೋಡುತ್ತಿದ್ದಳು. ಯಾರಾದರೂ ಅಪರಿಚಿತರು ವಠಾರದೊಳಗೆ ಕಾಲಿಟ್ಟರೆ ಎದ್ದು ನಿಂತು ಬಾಗಿಲಿಗೆ ಅಡ್ಡವಾಗುತ್ತಿದ್ದಳು.

ಆರು ತಿಂಗಳಾದ ಮೇಲೆ ಗೆರೆಯ ಕೊನೆಯಲ್ಲಿ ಸಾಸಿವೆಯಷ್ಟು ಗಟ್ಟಿ ಬಂತು. ಡಾಕ್ಟರ್ ವಾಣಿ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು.

"ವಿನುತಾ, ಇಲ್ಲಿ ಚುಚ್ಚಿದ ಗುರುತುಗಳಿವೆ. ಚಿಕ್ಕ ಚಿಕ್ಕ ಚುಕ್ಕೆ. ನಾನು ಕೊಟ್ಟ ಇಂಜೆಕ್ಷನ್ನಿನದಲ್ಲ. ಓಲೆ ಹಾಕ್ಕೊಳಕ್ಕೆ ನೋಡಿದ್ರಾ?"

"ಇಲ್ಲ ಡಾಕ್ಟ್ರೇ. ದೇವರಾಣೆ ಇಲ್ಲ."

ಆಕೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮುಂದಿನ ಸಲ ಹೋದಾಗ ಹಳೆಯ ಚುಕ್ಕೆಗಳ ಪಕ್ಕ ಹೊಸ ಚುಕ್ಕೆಗಳಿದ್ದವು. ಬಸ್ಸಿನಲ್ಲಿ ಬರುವಾಗ ವಿನುತಾ ನನ್ನ ಕೈ ಹಿಡಿದುಕೊಂಡಿದ್ದಳು.

"ಅಕ್ಕ, ಅವರು ಮೂರು ಜನ ಇದಾರಲ್ಲ, ನನಗಿಂತ ಮುಂಚೆ ಹುಟ್ಟಿದೋರು. ಅವರ ಕಣ್ಣಿಗೆ ನಾನು ಬಿದ್ದಿರಬಹುದಾ? ಕ್ಲಿಪ್ ಹಾಕಿದ್ದಾಗ ಆ ಕಿವೀಲಿ ಮಕ್ಕಳು ಉಸಿರು ಬಿಟ್ಟ ಹಾಗೆ ಕೇಳಿಸುತ್ತೆ."

"ಕ್ಲಿಪ್ ಬಿಗಿಯಾದ್ರೆ ನಿನ್ನ ರಕ್ತ ಓಡೋದೇ ಕೇಳಿಸುತ್ತೆ, ಮಂಕೇ," ಅಂತ ಗದರಿದೆ. ಗದರಿದ್ದು ಅವಳಿಗಿಂತ ಹೆಚ್ಚು ನನಗೇ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಡಾಕ್ಟರು ಬಿಟ್ಟರೆ ಯಾರೂ ಚುಚ್ಚದ ಕಿವಿಯಲ್ಲಿ ಬೇರೆ ಸೂಜಿಯ ಗುರುತು ಎಲ್ಲಿಂದ ಬರಬೇಕು?

ಉತ್ತರ ಒಂದು ಶುಕ್ರವಾರ ಹಗಲಲ್ಲೇ ಸಿಕ್ಕಿತು. ಹೊಲಿದ ರವಿಕೆ ಕೊಡಲು ಅವರ ಮನೆಗೆ ಹೋಗಿದ್ದೆ. ಬಚ್ಚಲಿನಿಂದ ಹಂಡೆ ಒಲೆಯ ಹೊಗೆ, ಸೀಗೆಕಾಯಿಯ ಘಾಟು ಬರುತ್ತಿತ್ತು. ಬಾಗಿಲು ಅರೆ ತೆರೆದಿತ್ತು. ವಿನುತಾ ಮಣೆಯ ಮೇಲೆ ಕೂತು, ಸೀಗೆಪುಡಿ ಉರಿಗೆ ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಬಗ್ಗಿಸಿದ್ದಳು. ತಾಯಿ ಬಿಸಿನೀರು ಹುಯ್ಯುತ್ತಾ ಮೆಲ್ಲಗೆ ಮಾತಾಡುತ್ತಿದ್ದಳು. ಮಗಳ ಜೊತೆ ಅಲ್ಲ. ಅವಳ ಮುಖ ಬಚ್ಚಲಿನ ಖಾಲಿ ಮೂಲೆಯ ಕಡೆಗಿತ್ತು.

"ನೋಡ್ಕೋ, ಚೆನ್ನಾಗಿ ನೋಡ್ಕೋ. ಇದು ಹಾಳಾಗಿರೋದು. ಕೊಳೆತಿರೋದು. ನಿನಗೆ ಬೇಡ. ಮುಂದಕ್ಕೆ ಹೋಗು."

ಹಾಗನ್ನುತ್ತಲೇ ಸೆರಗಿಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಮಗಳ ಬಲಗಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಸೊಪ್ಪಿನ ಕಟ್ಟಿಗೆ ದಾರ ಸುತ್ತುವಷ್ಟೇ ಸಲೀಸಾಗಿ ಚುಚ್ಚಿದಳು. ವಿನುತಾ ಅಲುಗಲಿಲ್ಲ. ಅವಳಿಗೆ ಗೊತ್ತೇ ಆಗಲಿಲ್ಲ. ನೀರಿನ ಜೊತೆ ಸಣ್ಣ ಕೆಂಪು ಎಳೆಯೊಂದು ಅವಳ ಭುಜದ ಮೇಲೆ ಇಳಿಯಿತು. ನನ್ನ ಗಂಟಲಿಂದ ಎಂಥದೋ ಕೂಗು ಹೊರಟಿತು.

ವಿನುತಾ ಉರಿಯುವ ಕಣ್ಣು ಬಿಟ್ಟು ಮೊದಲು ನನ್ನನ್ನು ನೋಡಿದಳು, ಆಮೇಲೆ ಹಿಂದಕ್ಕೆ ತಿರುಗಿ ತಾಯಿಯ ಕೈಯಲ್ಲಿದ್ದ ಪಿನ್ನು ನೋಡಿದಳು.

"ನೀನಾ ಅಮ್ಮ?"

"ನಾನೇ."

"ಹಿಂದೆ ಒಂದ್ಸಲ ಕತ್ತರಿಸಿದ ಮೇಲೆ ಬಂತಲ್ಲ, ಆವಾಗ್ಲೂ?"

ಚಿಕ್ಕಮುನಿಯಮ್ಮ ಹೌದೋ ಅಲ್ಲವೋ ತಿಳಿಯದ ಹಾಗೆ ತಲೆ ಆಡಿಸಿದಳು. ಆಗಲೂ ಅವಳೇ ಇರಬಹುದು, ಅಥವಾ ಡಾಕ್ಟರು ಹೇಳಿದ ಹಾಗೆ ಚರ್ಮವೇ ಇರಬಹುದು. ಅವಳಿಗೆ ಆ ವ್ಯತ್ಯಾಸ ಬೇಕಿರಲಿಲ್ಲ.

"ಮೂರು ಸಲ ಒಳ್ಳೇದನ್ನೇ ಮೇಲಿಟ್ಟೆ ಕಣೇ ತಿಪ್ಪಿ," ಅಂದಳು. "ಮೂರನ್ನೂ ಎತ್ಕೊಂಡು ಹೋದ. ಬಾಡಿದ್ದು ಮೇಲಿದ್ರೆ ಯಾರೂ ಕೈ ಹಾಕಲ್ಲ. ದಿನಾ ನೋಡ್ತೀನಲ್ಲ ಮಾರ್ಕೆಟ್ನಲ್ಲಿ. ನಿನಗೆ ಕೋಪ ಬಂದಿದೆ. ಬರ್ಲಿ. ಕೋಪ ಮಾಡ್ಕೊಳಕ್ಕೆ ನೀನಿದೀಯಲ್ಲ, ನನಗೆ ಅಷ್ಟು ಸಾಕು."

ವಿನುತಾ ಒದ್ದೆ ಕೂದಲಲ್ಲೇ ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನನಗೆ ಆ ಮುದುಕಿಯನ್ನು ಹಿಡಿದು ಬಾರಿಸುವಷ್ಟು ಸಿಟ್ಟು ಬಂತು. ಬಾರಿಸಲಿಲ್ಲ. ಅವಳು ಬಚ್ಚಲ ಮೂಲೆಯನ್ನು ಇನ್ನೊಮ್ಮೆ ನೋಡಿದ ರೀತಿಗೆ ನನ್ನ ಕೈ ಏಳಲಿಲ್ಲ. ಬೇಡದ ಗಿರಾಕಿ ಇನ್ನೂ ಅಲ್ಲೇ ನಿಂತಿದ್ದಾನೋ ಹೋದನೋ ಅಂತ ನೋಡುವ ನೋಟ ಅದು.

ಮಾರನೆಯ ದಿನ ಇಬ್ಬರನ್ನೂ ಕರೆದುಕೊಂಡು ಚಾಮರಾಜಪೇಟೆಗೆ ಹೋದೆ. ಡಾಕ್ಟರ್ ವಾಣಿ ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಚಿಕ್ಕಮುನಿಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗುವಿಗೆ ಹೇಳುವ ಹಾಗೆ ಹೇಳಿದರು.

"ಅಮ್ಮ, ನೀವು ಒಂದು ಸಲ ಚುಚ್ಚಿದ್ರೆ ನಾವು ಇಷ್ಟು ದಿನ ಮಾಡಿದ್ದೆಲ್ಲ ನೀರುಪಾಲು. ಇಂಜೆಕ್ಷನ್ನು, ಕರೆಂಟು, ಕ್ಲಿಪ್ಪು ಎಲ್ಲಾ ಒಟ್ಟಿಗೆ ಕೆಲಸ ಮಾಡಿದ್ರೆ ಮಾತ್ರ ಇದು ಸುಮ್ನಿರುತ್ತೆ. ಇದು ವಂಶದಲ್ಲಿ ಬರೋ ಗುಣ ಬೇರೆ. ನಿಮ್ಮಿಂದಲೇ ಇವರಿಗೆ ಬಂದಿರಬಹುದು."

ಚಿಕ್ಕಮುನಿಯಮ್ಮ ಅಲ್ಲಿಯವರೆಗೆ ನೆಲ ನೋಡುತ್ತಿದ್ದವಳು ತಲೆ ಎತ್ತಿದಳು.

"ನನ್ನಿಂದಾನಾ? ನನಗೇನೂ ಇಲ್ವಲ್ಲ ತಾಯಿ."

"ಹಾಲುಗಲ್ಲದ ವಯಸ್ಸಲ್ಲಿ ಚುಚ್ಚಿಸಿದ್ರೆ ಎಷ್ಟೋ ಜನಕ್ಕೆ ಬರಲ್ಲ. ಈಗ ಚುಚ್ಚಿಸಿದ್ರೆ ನಿಮಗೂ ಬೆಳೀಬಹುದು. ಅದಕ್ಕೇ ಹೇಳ್ತಿರೋದು, ಹುಷಾರಾಗಿರಿ."

"ನನಗೂ ಬೆಳೆಯುತ್ತಾ?" ಅಂತ ಮತ್ತೊಮ್ಮೆ ಕೇಳಿದಳು. ಬೆಳೆಯಬಹುದು ಅಂದರು ಡಾಕ್ಟರು. ಚಿಕ್ಕಮುನಿಯಮ್ಮ ಎದ್ದು ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಇನ್ನು ಮಗಳ ಕಿವಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿದಳು. ಬುದ್ಧಿ ಬಂತು ಅಂತ ನಮಗೆಲ್ಲ ಸಮಾಧಾನವಾಯಿತು.

ಬುದ್ಧಿ ಬಂದದ್ದು ಹೇಗೆ ಅಂತ ಗೊತ್ತಾದದ್ದು ದೀಪಾವಳಿಯ ಹೊತ್ತಿಗೆ. ಅವಳು ಕ್ಲಿನಿಕ್ಕಿನಿಂದ ಬಂದ ವಾರವೇ ಆಚಾರಿಯ ಹತ್ತಿರ ಹೋಗಿ ತನ್ನ ಬಲಗಿವಿಯ ಮೇಲುಭಾಗವನ್ನು ಚುಚ್ಚಿಸಿ ಪುಟ್ಟ ಚಿನ್ನದ ಮುರು ಹಾಕಿಸಿಕೊಂಡಿದ್ದಳು. ಸೆರಗು ಹೊದ್ದು ತಿರುಗುತ್ತಿದ್ದುದರಿಂದ ನಮಗೆ ಕಂಡಿರಲಿಲ್ಲ. ನನ್ನ ಅಂಗಡಿಯಲ್ಲಿ ಅಳತೆ ಕೊಡಲು ನಿಂತಾಗ ಸೆರಗು ಜಾರಿತು. ನೇರಳೆ ಬಣ್ಣದ, ಎಣ್ಣೆಹೊಳಪಿನ ಗಂಟು. ಮಗಳ ಕಿವಿಯಲ್ಲಿ ನಾನು ವರ್ಷಗಟ್ಟಲೆ ನೋಡಿದ್ದೇ ಅದು, ಅದೇ ಆಕಾರ.

"ಏನಮ್ಮ ಇದು?"

"ಬಾಡಿದ ಕಟ್ಟು ಮೇಲಿದ್ರೆ ಸಾಕು ಸುಂದ್ರಮ್ಮ," ಅಂದಳು ಅವಳು, ಗುಟ್ಟು ಹೇಳುವ ಹುಡುಗಿಯ ಹಾಗೆ. "ಕೆಳಗಿರೋದು ಹಸಿರಾಗೇ ಇರ್ಲಿ."

ವಿನುತಾ ಅತ್ತಳು, ಜಗಳವಾಡಿದಳು, ಡಾಕ್ಟರ ಹತ್ತಿರ ಹೋಗೋಣ ಬಾ ಅಂತ ಕಾಲು ಹಿಡಿದಳು. ತಾಯಿ ಜಪ್ಪಯ್ಯ ಅನ್ನಲಿಲ್ಲ. ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಗಳ ಕಿವಿ ತಿಂಗಳು ತಿಂಗಳಿಗೂ ಮಟ್ಟಸವಾಗುತ್ತಾ ಹೋಯಿತು. ಸಾಸಿವೆಯಷ್ಟಿದ್ದದ್ದೂ ಕರಗಿತು. ತಾಯಿಯದು ಬೆಳೆಯುತ್ತಾ ಹೋಗಿ ಮುರುವನ್ನು ಸುತ್ತಲಿಂದ ನುಂಗಿಬಿಟ್ಟಿತು. ಗಂಟು ವಠಾರದ ಒಂದು ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿದ ಹಾಗೆ ಜಾಗ ಬದಲಿಸಿತ್ತು. ಒಬ್ಬಳದು ಚಿಕಿತ್ಸೆ, ಇನ್ನೊಬ್ಬಳದು ಹಠ, ಎರಡಕ್ಕೂ ಸಂಬಂಧವಿಲ್ಲ ಅಂತ ನಾನು ನನಗೇ ಎಷ್ಟು ಸಲ ಹೇಳಿಕೊಂಡೆನೋ.

ಗಂಟು ಬೆಳೆದ ಹಾಗೆಲ್ಲ ಚಿಕ್ಕಮುನಿಯಮ್ಮನ ಬಾಯಿಯೂ ಬದಲಾಯಿತು. ಒಂದು ಬೆಳಗ್ಗೆ ಅಂಗಳದಲ್ಲಿ ನಿಂತು, "ವಿನುತಾ, ಹೊತ್ತಾಯ್ತು, ತಿಂಡಿ ತಿಂದು ಹೋಗು," ಅಂತ ಕೂಗಿದಳು. ನಲ್ಲಿಯ ಹತ್ತಿರವಿದ್ದ ನಾವೆಲ್ಲ ತಿರುಗಿ ನೋಡಿದೆವು. ಮೂವತ್ತರ ಹತ್ತಿರ ಬಂದಿದ್ದ ಮಗಳು ತನ್ನ ಹೆಸರನ್ನು ತಾಯಿಯ ಬಾಯಲ್ಲಿ ಮೊದಲ ಸಲ ಕೇಳಿ ಕೈಯಲ್ಲಿದ್ದ ಬಿಂದಿಗೆಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಆ ವರ್ಷವೇ ಓಕಳಿಪುರಂನ ವೇಣು ಎಂಬ ಹುಡುಗ ಅವಳನ್ನು ಒಪ್ಪಿದ. ಮದುವೆಯ ದಿನ ತುರುಬು ಕಟ್ಟಿ, ಎರಡೂ ಕಿವಿಗೆ ಒತ್ತಿ ಕೂರುವ ಓಲೆಯಿಟ್ಟುಕೊಂಡು ಅವಳು ನಿಂತಿದ್ದಾಗ ಚಿಕ್ಕಮುನಿಯಮ್ಮ ಎಲ್ಲರೆದುರಿಗೆ, "ನನ್ನ ಮಗಳು ಎಷ್ಟು ಚೆನ್ನಾಗಿದಾಳೆ ನೋಡಿ," ಅಂದಳು. ಅನ್ನುವಾಗ ತನ್ನ ಬಲಗಿವಿಯ ಸೆರಗನ್ನು ಬೇಕೆಂದೇ ಸರಿಸಿಕೊಂಡಳು, ಯಾರಿಗೋ ಕಾಣಲಿ ಎಂಬಂತೆ.

೨೦೦೪ರ ಬೇಸಗೆಯಲ್ಲಿ ಅವಳು ತೀರಿಕೊಂಡಳು. ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವಳು ಎದೆ ಹಿಡಿದುಕೊಂಡು ಗೋಣಿತಟ್ಟಿನ ಮೇಲೇ ಒರಗಿದಳಂತೆ. ಹಾರ್ಟ್ ಅಂದರು. ವಯಸ್ಸಾಗಿತ್ತು, ಹಾಗೆ ಹೋಗುವವರು ಎಷ್ಟೋ ಜನ. ವಿನುತಾ ವರ್ಷದ ಹೆಣ್ಣುಮಗುವನ್ನು ಅತ್ತೆಯ ಕೈಗೆ ಕೊಟ್ಟು ಓಡಿಬಂದಳು.

ಮಣ್ಣಿಗೆ ಒಯ್ಯುವ ಮುಂಚೆ ಅಂಗಳದಲ್ಲಿ ಸೀರೆಯ ಮರೆ ಕಟ್ಟಿ ಹೆಂಗಸರು ಮೈತೊಳೆದೆವು. ಮೈಮೇಲಿನ ಚಿನ್ನ ತೆಗೆಯುವ ಹೊತ್ತು ಬಂತು. ಎರಡೂ ಕಿವಿಯ ಓಲೆ ಬಂತು, ಮೂಗುಬೊಟ್ಟು ಬಂತು. ಬಲಗಿವಿಯ ಮುರು ಬರಲಿಲ್ಲ, ಮಾಂಸ ಅದನ್ನು ಪೂರ್ತಿ ಮುಚ್ಚಿತ್ತು. ಇದನ್ನೆಲ್ಲ ಮುಂದೆ ನಿಂತು ಮಾಡಿಸುತ್ತಿದ್ದ ಚಿಕ್ಕಮುನಿಯಮ್ಮನ ನಾದಿನಿ ಹನುಮಕ್ಕ ಬ್ಲೇಡು ತರಿಸಿದಳು.

"ಚಿನ್ನ ಮಣ್ಣು ಪಾಲು ಮಾಡಬಾರ್ದು. ಸ್ವಲ್ಪ ಕುಯ್ದ್ರೆ ಬಂದ್ಬಿಡುತ್ತೆ. ಅವಳಿಗೇನು ನೋವಾಗುತ್ತಾ ಈಗ?"

ವಿನುತಾ ಅಲ್ಲಿಯವರೆಗೆ ತಾಯಿಯ ಪಾದದ ಹತ್ತಿರ ಕೂತು ಅಳುತ್ತಿದ್ದಳು. ಇದೆಲ್ಲ ಹುಚ್ಚು, ಮೌಢ್ಯ ಅಂತ ತಾಯಿಯ ಜೊತೆ ವರ್ಷಗಟ್ಟಲೆ ಕಿತ್ತಾಡಿದವಳು ಅವಳು. ಈಗ ತಟ್ಟನೆ ಬಂದು ತಾಯಿಯ ಕಿವಿಯ ಮೇಲೆ ಅಂಗೈ ಮುಚ್ಚಿದಳು. ಅಳು ನಿಂತಿತ್ತು. ಅವಳ ಕಣ್ಣು ನಮ್ಮ ಯಾರ ಮೇಲೂ ಇರಲಿಲ್ಲ, ಅಂಗಳದ ಖಾಲಿ ಬಾಗಿಲಿನ ಕಡೆಗಿತ್ತು.

"ಮುಟ್ಟಬೇಡಿ ಅತ್ತೆ. ಅಮ್ಮ ಅದನ್ನ ತಗೊಂಡು ಹೊರಟಿದಾಳೆ. ಬಿಡಿಸಿ ಇಲ್ಲೇ ಇಟ್ಕೊಂಡ್ರೆ ಅದು ಯಾರನ್ನ ಹಿಡ್ಕೊಳುತ್ತೆ? ಮನೇಲಿ ನನ್ನ ಮಗು ಇದೆ."

ಹನುಮಕ್ಕ ಸಹಾಯಕ್ಕೆಂದು ನನ್ನ ಕಡೆ ನೋಡಿದಳು. ಇಂಥದ್ದನ್ನು ನಂಬದವಳು, ನಾಲ್ಕು ಮಾತು ಬಯ್ದು ಹುಡುಗಿಯನ್ನು ಎಬ್ಬಿಸುವವಳು ಆ ಗುಂಪಿನಲ್ಲಿ ನಾನೊಬ್ಬಳೇ. ನಾನು ಹನುಮಕ್ಕನ ಕೈಯಿಂದ ಬ್ಲೇಡು ತೆಗೆದುಕೊಂಡು ಸೀರೆಯ ಮರೆಯ ಆಚೆಗೆ ಎಸೆದೆ.